ಸರಿಯಾದ ವಾಕ್ಯ ಯಾವುದು? ಕೊನೆಯ ಪದದಿಂದ ಹಿಂದಕ್ಕೆ ಓದಿ

ಪ್ರಶ್ನೆ: ನಾನು ಗದಗ ಜಿಲ್ಲೆಯವನು. ಬಿ.ಎ. ಮುಗಿಸಿ ಎರಡು ವರ್ಷವಾಯಿತು. ಎಫ್‌ಡಿಎ, ಎಸ್‌ಡಿಎ (ಪ್ರಥಮ, ದ್ವಿತೀಯ ದರ್ಜೆ ಸಹಾಯಕ) ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಸಂಧಿ, ಸಮಾಸ, ತತ್ಸಮ-ತದ್ಭವ ಬಾಯಿಪಾಠವಾಗಿವೆ. ಆದರೆ ‘ಸರಿಯಾದ ವಾಕ್ಯವನ್ನು ಗುರುತಿಸಿ’ ಎಂದು ಕೇಳಿದಾಗ ಎಡವುತ್ತೇನೆ. ನಾಲ್ಕರಲ್ಲಿ ಎರಡನ್ನು ತೆಗೆದುಹಾಕುತ್ತೇನೆ. ಉಳಿದ ಎರಡರಲ್ಲಿ ಕಿವಿಗೆ ಚೆನ್ನಾಗಿ ಕೇಳಿಸಿದ್ದಕ್ಕೆ ಗುರುತು ಹಾಕುತ್ತೇನೆ, ಅದೇ ತಪ್ಪಾಗಿರುತ್ತದೆ. ಮೊನ್ನೆ ಒಂದು ಮಾದರಿ ಪತ್ರಿಕೆಯಲ್ಲಿ ‘ಅರ್ಜಿಗಳನ್ನು ಆಹ್ವಾನಿಸಲಾಗಿವೆ’ ಎಂಬುದನ್ನು ಆರಿಸಿದೆ. ಕೀ ಉತ್ತರದಲ್ಲಿ ‘ಆಹ್ವಾನಿಸಲಾಗಿದೆ’ ಎಂದಿತ್ತು. ಅರ್ಜಿಗಳು ಬಹುವಚನ ಅಲ್ವಾ? ‘ಊಟ ಮಾಡಿ ಬಸ್ಸು ಹೊರಟಿತು’ ಎಂಬುದೂ ತಪ್ಪಂತೆ, ಯಾಕೆಂದು ತಿಳಿಯಲಿಲ್ಲ. ನಮ್ಮ ಕಡೆಯ ಮಾತು ಅಡ್ಡ ಬರುತ್ತಿದೆಯೇ? ಮಾತನಾಡುವ ರೀತಿ ಬದಲಾಯಿಸಿಕೊಳ್ಳಬೇಕೇ?

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ತರಗತಿಯ ಹತ್ತಾರು ಮುಖಗಳು ನೆನಪಾದವು. ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರಿಗೆ ಕನ್ನಡ ಪಾಠ ಹೇಳುತ್ತಾ ಬಂದಿದ್ದೇನೆ. ಸಂಧಿ ಬಿಡಿಸಿ ಅಂದರೆ ತಟ್ಟನೆ ಬಿಡಿಸುವವರೇ ವಾಕ್ಯದ ಪ್ರಶ್ನೆ ಬಂದಾಗ ಪೆನ್ನು ಕಚ್ಚುತ್ತಾ ಕೂರುತ್ತಾರೆ. ಸಂಧಿಗೆ ಸೂತ್ರವಿದೆ. ವಾಕ್ಯವನ್ನು ಎಲ್ಲಿಂದ ಹಿಡಿಯಬೇಕು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಮೊದಲು ಕಿವಿಯ ವಿಷಯ. ಕಿವಿ ಅರ್ಥವನ್ನು ಹಿಡಿಯುತ್ತದೆ, ವ್ಯಾಕರಣವನ್ನಲ್ಲ. ಬಸ್ ನಿಲ್ದಾಣದಲ್ಲಿ ಯಾರೋ ‘ಈ ಸಲ ಹಳ್ಳಿಗಳಲ್ಲಿ ಮಳೆ ಪ್ರಮಾಣ ಕಮ್ಮಿ ಆಗ್ಯಾವ ನೋಡ್ರಿ’ ಅಂದರೆ ನಿಮಗೆ ಪೂರ್ತಿ ತಿಳಿಯುತ್ತದೆ. ಹೌದ್ರಿ ಅಂತ ತಲೆಯಾಡಿಸುತ್ತೀರಿ. ಅಲ್ಲಿ ತಪ್ಪು ಹುಡುಕುವ ಅಗತ್ಯವೇ ಇಲ್ಲ. ಹೀಗೆ ಇಪ್ಪತ್ತು ವರ್ಷ ಅರ್ಥ ಹಿಡಿದು ಪಳಗಿದ ಕಿವಿಯನ್ನು ಪರೀಕ್ಷಾ ಕೊಠಡಿಯಲ್ಲಿ ಕೂರಿಸಿ ವ್ಯಾಕರಣ ಕೇಳಿದರೆ ಅದು ಎಲ್ಲಕ್ಕೂ ‘ಸರಿ’ ಎನ್ನುತ್ತದೆ. ನಾಲ್ಕು ಆಯ್ಕೆಗಳ ಅರ್ಥವೂ ಹೆಚ್ಚುಕಡಿಮೆ ಒಂದೇ ಆಗಿರುತ್ತದಲ್ಲ!

ಹಾಗಾದರೆ ಏನು ಮಾಡಬೇಕು? ವಾಕ್ಯವನ್ನು ಕೊನೆಯಿಂದ ಓದಬೇಕು. ನಾನು ಮುಖ್ಯವಾಗಿ ಹೇಳಬೇಕಾದದ್ದು ಇದೊಂದೇ. ಮಿಕ್ಕಿದ್ದೆಲ್ಲ ಇದರಿಂದಲೇ ಹೊರಡುತ್ತದೆ.

ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಆ ಒಂದು ಪದದಲ್ಲಿ ಎಷ್ಟು ಮಾಹಿತಿ ಇರುತ್ತದೆ ನೋಡಿ. ‘ಬಂದಳು’ ಅಂದರೆ ಸಾಕು. ಕೆಲಸ ಆಗಿಹೋಗಿದೆ, ಬಂದವಳು ಹೆಣ್ಣು, ಒಬ್ಬಳೇ, ಮಾತನಾಡುತ್ತಿರುವ ನಾನಲ್ಲ, ಕೇಳುತ್ತಿರುವ ನೀವಲ್ಲ. ಕಾಲ, ಲಿಂಗ, ವಚನ, ಪುರುಷ ನಾಲ್ಕೂ ಅಲ್ಲಿವೆ. ಆ ಪದದ ಕೆಳಗೆ ಗೆರೆ ಎಳೆಯಿರಿ. ಆಮೇಲೆ ಹಿಂದಕ್ಕೆ ಹೋಗಿ ‘ಯಾರು?’ ಅಥವಾ ‘ಯಾವುದು?’ ಎಂದು ಕೇಳಿ. ಉತ್ತರವಾಗಿ ಬರುವ ಪದ ಪ್ರಥಮಾ ವಿಭಕ್ತಿಯಲ್ಲಿರಬೇಕು. ಅಂದರೆ ಅದರ ಮೇಲೆ ‘ಅನ್ನು’, ‘ಇಂದ’, ‘ಗೆ’, ‘ಅಲ್ಲಿ’ ಇರಬಾರದು. ಅದೇ ಕರ್ತೃಪದ. ಕ್ರಿಯಾಪದ ಆ ಒಂದು ಪದದ ಮಾತನ್ನು ಮಾತ್ರ ಕೇಳುತ್ತದೆ.

ಒಂದು ಪ್ರಶ್ನೆಯನ್ನು ಜೊತೆಗೆ ಕುಳಿತು ಬಿಡಿಸೋಣ.

1) ತಾಲ್ಲೂಕಿನ ಕೆರೆಗಳ ನೀರಿನ ಮಟ್ಟ ಈ ವರ್ಷ ಕಡಿಮೆಯಾಗಿವೆ.
2) ತಾಲ್ಲೂಕಿನ ಕೆರೆಗಳ ನೀರಿನ ಮಟ್ಟವನ್ನು ಈ ವರ್ಷ ಕಡಿಮೆಯಾಗಿದೆ.
3) ತಾಲ್ಲೂಕಿನ ಕೆರೆಗಳ ನೀರಿನ ಮಟ್ಟ ಈ ವರ್ಷ ಕಡಿಮೆಯಾಗಿದೆ.
4) ತಾಲ್ಲೂಕಿನ ಕೆರೆಗಳ ನೀರಿನ ಮಟ್ಟ ಈ ವರ್ಷ ಕಡಿಮೆ ಮಾಡಿದೆ.

ಮೊದಲನೆಯದರ ಕೊನೆಯ ಪದ ‘ಕಡಿಮೆಯಾಗಿವೆ’. ಯಾವುದು ಕಡಿಮೆಯಾಗಿದೆ? ಕೆರೆಗಳೇ? ಅಲ್ಲ. ‘ಕೆರೆಗಳ’ ಎಂಬುದು ಷಷ್ಠಿಯಲ್ಲಿದೆ, ಅಂದರೆ ಸಂಬಂಧ ಹೇಳುವ ‘ಅ’ ಅದರ ಮೇಲಿದೆ. ನೀರೇ? ‘ನೀರಿನ’ ಕೂಡ ಷಷ್ಠಿ. ಕಡಿಮೆಯಾದದ್ದು ಮಟ್ಟ. ಅದು ಒಂದೇ. ಹಾಗಾಗಿ ‘ಕಡಿಮೆಯಾಗಿವೆ’ ನಿಲ್ಲುವುದಿಲ್ಲ. ಎರಡನೆಯದರಲ್ಲಿ ‘ಮಟ್ಟ’ಕ್ಕೆ ‘ಅನ್ನು’ ಹಚ್ಚಿದ್ದಾರೆ. ಈಗ ಯಾವುದು ಎಂದು ಕೇಳಿದರೆ ವಾಕ್ಯದಲ್ಲಿ ಉತ್ತರವೇ ಇಲ್ಲ, ಕರ್ತೃ ಕಾಣೆಯಾಗಿದೆ. ನಾಲ್ಕನೆಯದರಲ್ಲಿ ‘ಮಾಡಿದೆ’ ಎಂಬ ಸಕರ್ಮಕ ಕ್ರಿಯೆ ಬಂದಿದೆ. ಏನನ್ನು ಕಡಿಮೆ ಮಾಡಿದೆ? ಅದಕ್ಕೂ ಉತ್ತರವಿಲ್ಲ. ಉಳಿಯುವುದು ಮೂರನೆಯದು.

ಗಮನಿಸಿ, ಒಂದನ್ನೂ ಮೂರನ್ನೂ ಗಟ್ಟಿಯಾಗಿ ಓದಿದರೆ ಎರಡೂ ಸರಿ ಅನ್ನಿಸುತ್ತವೆ. ವಾಕ್ಯದ ಶುರುವಿನಲ್ಲೇ ‘ಕೆರೆಗಳ’ ಎಂಬ ಬಹುವಚನ ಕಿವಿಗೆ ಬಿದ್ದಿರುತ್ತದೆ. ಕೊನೆ ಮುಟ್ಟುವ ಹೊತ್ತಿಗೆ ನಾಲಿಗೆ ತಾನಾಗಿ ‘ವೆ’ ಕಡೆಗೆ ವಾಲುತ್ತದೆ. ಪ್ರಶ್ನೆ ತೆಗೆಯುವವರಿಗೆ ಇದು ಚೆನ್ನಾಗಿ ಗೊತ್ತು. ಕರ್ತೃವಿಗೂ ಕ್ರಿಯೆಗೂ ನಡುವೆ ಅಥವಾ ಕರ್ತೃವಿನ ಹಿಂದೆ ಬೇಕೆಂದೇ ಒಂದೆರಡು ‘ಗಳು’ ಇಡುತ್ತಾರೆ. ವಾಕ್ಯ ಉದ್ದವಾದಷ್ಟೂ ಈ ಬಲೆ ಇರುವ ಸಾಧ್ಯತೆ ಜಾಸ್ತಿ.

ಈಗ ನಿಮ್ಮ ‘ಅರ್ಜಿಗಳನ್ನು ಆಹ್ವಾನಿಸಲಾಗಿದೆ’ಗೆ ಬರೋಣ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ನೀವು ನಾಳೆ ಎಫ್‌ಡಿಎ ಆಗಿ ಮೇಜಿನ ಮುಂದೆ ಕುಳಿತರೆ ದಿನಕ್ಕೆ ಹತ್ತು ಸಲ ಬರೆಯಬೇಕಾದ ವಾಕ್ಯ ಇದು.

ಅರ್ಜಿಗಳು ಬಹುವಚನ, ನಿಜ. ಆದರೆ ಆ ಪದ ಯಾವ ವಿಭಕ್ತಿಯಲ್ಲಿದೆ? ‘ಅರ್ಜಿಗಳನ್ನು’, ದ್ವಿತೀಯಾ. ‘ಅನ್ನು’ ಹಚ್ಚಿಕೊಂಡ ಪದ ಕರ್ಮಪದ, ಇಲ್ಲಿ ಅದಕ್ಕೆ ಕ್ರಿಯಾಪದದ ಮೇಲೆ ಹಿಡಿತವಿಲ್ಲ. ಹಾಗಾದರೆ ಈ ವಾಕ್ಯದಲ್ಲಿ ಕರ್ತೃ ಎಲ್ಲಿ? ಆಹ್ವಾನಿಸಿದವರು ಯಾರೆಂದು ಹೇಳುವ ಪದ ಇಲ್ಲವೇ ಇಲ್ಲ. ‘ಆಹ್ವಾನಿಸಲು’ ಎಂಬುದಕ್ಕೆ ‘ಆಗಿದೆ’ ಸೇರಿದೆ. ಆಗಿರುವುದು ಆಹ್ವಾನಿಸುವ ಕೆಲಸ. ಕೆಲಸ ಒಂದು, ನಪುಂಸಕಲಿಂಗ, ಏಕವಚನ. ಆದ್ದರಿಂದ ಅರ್ಜಿ ಒಂದಿರಲಿ, ಸಾವಿರವಿರಲಿ, ‘ಆಹ್ವಾನಿಸಲಾಗಿದೆ’ ಎಂದೇ ನಿಲ್ಲುತ್ತದೆ. ‘ಮರಗಳನ್ನು ಕಡಿಯಲಾಯಿತು’, ‘ನೌಕರರನ್ನು ವರ್ಗಾಯಿಸಲಾಗಿದೆ’, ‘ಪರೀಕ್ಷೆಗಳನ್ನು ಮುಂದೂಡಲಾಗುವುದು’. ‘ಲಾಯಿತು, ಲಾಗಿದೆ, ಲಾಗುವುದು’ ಬಂದಲ್ಲೆಲ್ಲ ಹೀಗೆಯೇ.

ಇದರ ಪಕ್ಕದಲ್ಲಿ ಇನ್ನೊಂದು ರೂಪವನ್ನು ಇಟ್ಟು ನೋಡಿ. ‘ಮರಗಳು ಕಡಿಯಲ್ಪಟ್ಟವು.’ ಇಲ್ಲಿ ‘ಅನ್ನು’ ಇಲ್ಲ. ‘ಮರಗಳು’ ಪ್ರಥಮಾ ವಿಭಕ್ತಿಗೆ ಬಂದುಬಿಟ್ಟಿದೆ. ಹಾಗಾಗಿ ಕ್ರಿಯೆ ಅದರ ವಚನವನ್ನು ಅನುಸರಿಸಿ ‘ಪಟ್ಟವು’ ಆಗಿದೆ. ಶಾಲೆಯಲ್ಲಿ ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂದು ಕರ್ಮಣಿ ಪ್ರಯೋಗ ಕಲಿತಿದ್ದೀರಲ್ಲ, ಅದೇ ಇದು. ಪರೀಕ್ಷೆಯಲ್ಲಿ ಈ ಎರಡು ರೂಪಗಳನ್ನು ಕಲಸಿ ಕೊಡುತ್ತಾರೆ. ‘ಮರಗಳನ್ನು ಕಡಿಯಲ್ಪಟ್ಟವು’ ತಪ್ಪು. ‘ಮರಗಳನ್ನು ಕಡಿಯಲಾಗಿವೆ’ ತಪ್ಪು. ‘ಅನ್ನು’ ಇದ್ದರೆ ‘ಲಾಗಿದೆ’, ‘ಅನ್ನು’ ಇಲ್ಲದೆ ಬಂದರೆ ‘ಲ್ಪಟ್ಟಿವೆ’. ಈ ಜೋಡಿಯನ್ನು ಗಟ್ಟಿ ಮಾಡಿಕೊಳ್ಳಿ. ಒಂದು ಕಚೇರಿಯ ಗೋಡೆಯ ಮೇಲೆ ‘ಅರ್ಜಿಗಳನ್ನು ಸ್ವೀಕರಿಸಲಾಗುವುದಿಲ್ಲ’ ಎಂಬ ಸರಿಯಾದ ಫಲಕದ ಪಕ್ಕದಲ್ಲೇ ‘ಅರ್ಜಿಗಳನ್ನು ಸ್ವೀಕರಿಸಲಾಗಿವೆ’ ಎಂಬ ಸೂಚನೆ ಅಂಟಿಸಿದ್ದನ್ನು ನೋಡಿದ್ದೇನೆ. ಕಣ್ಣಿಗೆ ಇಂಥವು ದಿನಾ ಬೀಳುವುದರಿಂದಲೇ ತಪ್ಪು ರೂಪ ಸರಿ ಅನ್ನಿಸತೊಡಗುತ್ತದೆ.

ಕರ್ತೃ-ಕ್ರಿಯೆಯ ಹೊಂದಾಣಿಕೆಯಲ್ಲಿ ಮತ್ತೆ ಮತ್ತೆ ಬರುವ ಕೆಲವು ಸಂಗತಿಗಳಿವೆ. ‘ಪ್ರತಿಯೊಬ್ಬ’, ‘ಪ್ರತಿಯೊಂದು’ ಇದ್ದರೆ ಮುಂದಿನ ಪದ ಏಕವಚನ. ‘ಪ್ರತಿಯೊಬ್ಬ ವಿದ್ಯಾರ್ಥಿಗಳೂ ಬರಬೇಕು’ ಅಲ್ಲ, ‘ಪ್ರತಿಯೊಬ್ಬ ವಿದ್ಯಾರ್ಥಿಯೂ ಬರಬೇಕು’. ಬಹುವಚನವೇ ಬೇಕು ಅಂದರೆ ‘ಎಲ್ಲ ವಿದ್ಯಾರ್ಥಿಗಳೂ’ ಎನ್ನಿ. ಸರ್ಕಾರ, ಸಮಿತಿ, ಇಲಾಖೆ, ಆಯೋಗ ಇವುಗಳಲ್ಲಿ ಎಷ್ಟೇ ಜನರಿದ್ದರೂ ವ್ಯಾಕರಣಕ್ಕೆ ಒಂದು ವಸ್ತು. ‘ಸಮಿತಿ ವರದಿ ಸಲ್ಲಿಸಿದ್ದಾರೆ’ ತಪ್ಪು, ‘ಸಲ್ಲಿಸಿದೆ’ ಸರಿ. ‘ಸಮಿತಿಯವರು’ ಅಂದರೆ ಮಾತ್ರ ‘ಸಲ್ಲಿಸಿದ್ದಾರೆ’. ಆದರೆ ‘ಜನ’ ಹಾಗಲ್ಲ. ರೂಪ ಏಕವಚನದಂತಿದ್ದರೂ ‘ಜನ ಬಂದರು’ ಎಂದೇ ಹೇಳುತ್ತೇವೆ. ಗೌರವದ ಬಹುವಚನವನ್ನು ನೀವು ತಪ್ಪಿಸಲಾರಿರಿ, ಅದು ನಮ್ಮ ಮನೆಯ ನುಡಿಯಲ್ಲೇ ಇದೆ. ‘ಅಪ್ಪ ಬಂದರು’ ಅಂದರೆ ಅಪ್ಪ ಒಬ್ಬರೇ. ಒಂದೇ ವಾಕ್ಯದಲ್ಲಿ ಗೌರವ ಅರ್ಧಕ್ಕೆ ಇಳಿದುಹೋದರೆ ಅದು ತಪ್ಪು: ‘ಅಧ್ಯಕ್ಷರು ಎದ್ದು ನಿಂತು ತನ್ನ ಭಾಷಣ ಓದಿದರು.’ ‘ತಮ್ಮ’ ಎಂದಾಗಬೇಕು.

ಬಹುವಚನದ ಮೇಲೆ ಮತ್ತೊಂದು ಬಹುವಚನ ಹೇರುವುದು ಕಚೇರಿ ಕನ್ನಡದ ಹಳೆಯ ಕಾಯಿಲೆ. ಶಿಕ್ಷಕರುಗಳು, ಮಹಿಳೆಯರುಗಳು, ಸದಸ್ಯರುಗಳು. ‘ರು’ ಬಂದ ಮೇಲೆ ‘ಗಳು’ ಏಕೆ? ಶಿಕ್ಷಕರು ಸಾಕು. ಹಾಗೆಯೇ ‘ರವರು’. ‘ಕುವೆಂಪುರವರು’, ‘ಮಂತ್ರಿ ರವರು’ ಎಂದು ಮದುವೆ ಕಾಗದದಿಂದ ಆದೇಶ ಪತ್ರದವರೆಗೆ ಎಲ್ಲೆಲ್ಲೂ ಕಾಣುತ್ತದೆ. ಸೇರಬೇಕಾದ ಪದ ‘ಅವರು’. ‘ಕುವೆಂಪು ಅವರು’, ‘ಮಂತ್ರಿಯವರು’. ಆ ‘ರ’ ನಡುವೆ ಬರಲು ಯಾವ ನಿಯಮವೂ ಇಲ್ಲ.

ಸಂಖ್ಯೆಗಳ ವಿಷಯದಲ್ಲಿ ಸುಮ್ನೆ ಗಾಬರಿಯಾಗಬೇಡಿ. ‘ಐದು ಹಣ್ಣು ತಂದೆ’, ‘ಐದು ಹಣ್ಣುಗಳನ್ನು ತಂದೆ’ ಎರಡೂ ನಡೆಯುತ್ತವೆ. ‘ಹತ್ತು ರೂಪಾಯಿಗಳು’ ಅಂತ ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲವಲ್ಲ. ಮನುಷ್ಯರನ್ನು ಎಣಿಸುವಾಗ ಮಾತ್ರ ‘ಮೂರು ಮಂತ್ರಿಗಳು’ ಮತ್ತು ‘ಮೂವರು ಮಂತ್ರಿಗಳು’ ಎರಡೂ ಆಯ್ಕೆಯಲ್ಲಿದ್ದರೆ ‘ಮೂವರು’ ಇರುವುದಕ್ಕೆ ಗುರುತು ಹಾಕಿ.

ಬೇರೆ ಬೇರೆ ಪುರುಷದ ಕರ್ತೃಗಳು ಸೇರಿದಾಗ ‘ನಾನು’ ಎಲ್ಲರನ್ನೂ ಗೆಲ್ಲುತ್ತದೆ. ‘ನೀನೂ ನಾನೂ ಹೋದೆವು.’ ‘ನಾನು’ ಇಲ್ಲದಿದ್ದರೆ ‘ನೀನು’ ಗೆಲ್ಲುತ್ತದೆ. ‘ನೀನೂ ಅವನೂ ಬಂದಿರಿ.’ ಇಲ್ಲೇ ಒಂದು ಎಚ್ಚರಿಕೆ ಹೇಳಬೇಕು. ಇಂಗ್ಲಿಷ್ ವ್ಯಾಕರಣದ ‘ಫಸ್ಟ್ ಪರ್ಸನ್’ ನಮ್ಮ ಪ್ರಥಮ ಪುರುಷ ಅಲ್ಲ. ನಮ್ಮಲ್ಲಿ ‘ನಾನು’ ಉತ್ತಮ ಪುರುಷ, ‘ನೀನು’ ಮಧ್ಯಮ ಪುರುಷ, ‘ಅವನು’ ಪ್ರಥಮ ಪುರುಷ. ಎರಡೂ ಭಾಷೆಯ ವ್ಯಾಕರಣವನ್ನು ಒಟ್ಟಿಗೆ ಓದುವವರು ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ.

‘ಅಥವಾ’ ಬಂದಾಗ ಇಬ್ಬರಲ್ಲಿ ಒಬ್ಬರು ಅಷ್ಟೇ, ಕ್ರಿಯೆ ಏಕವಚನ. ‘ರವಿ ಅಥವಾ ಗಿರೀಶ ಬರುತ್ತಾನೆ.’ ರವಿ ಅಥವಾ ಗೀತಾ ಆದರೆ? ಲಿಂಗ ಬೇರೆಯಾಯಿತು, ಬರುತ್ತಾನೆಯೂ ಹೊಂದುವುದಿಲ್ಲ, ಬರುತ್ತಾಳೆಯೂ ಹೊಂದುವುದಿಲ್ಲ. ಅಂಥ ಕಡೆ ‘ಬರಬೇಕು’, ‘ಬರಬಹುದು’ ಇರುವ ಆಯ್ಕೆ ಸುರಕ್ಷಿತ. ‘ಬೇಕು’, ‘ಬಹುದು’ ಇವುಗಳಿಗೆ ಲಿಂಗ, ವಚನದ ಹಂಗಿಲ್ಲ.

ವಿಭಕ್ತಿಯ ತಪ್ಪುಗಳಲ್ಲಿ ನಾನು ಹೆಚ್ಚಾಗಿ ನೋಡುವುದು ‘ಭೇಟಿ’ಯ ಸುತ್ತ. ಜನರನ್ನು ಭೇಟಿ ಮಾಡುತ್ತೇವೆ, ಸ್ಥಳಕ್ಕೆ ಭೇಟಿ ನೀಡುತ್ತೇವೆ. ‘ಹಂಪಿಯನ್ನು ಭೇಟಿ ನೀಡಿದರು’ ಎಂಬುದರಲ್ಲಿ ಎರಡು ರೂಪ ಕಲೆತುಹೋಗಿವೆ. ‘ಇಲ್ಲ’ ಮತ್ತು ‘ಅಲ್ಲ’ ಕೂಡ ಹೀಗೆಯೇ. ಇರುವಿಕೆಯನ್ನು ನಿರಾಕರಿಸಿದರೆ ಇಲ್ಲ, ಗುರುತನ್ನು ನಿರಾಕರಿಸಿದರೆ ಅಲ್ಲ. ‘ಅವನು ಮನೆಯಲ್ಲಿ ಇಲ್ಲ.’ ‘ಅವನು ನನ್ನ ತಮ್ಮ ಅಲ್ಲ.’ ವಿಭಕ್ತಿ ಪಲ್ಲಟ ಎಂದು ಪುಸ್ತಕಗಳೇ ಒಪ್ಪಿಕೊಂಡಿರುವ ಜೋಡಿಗಳನ್ನು ಮಾತ್ರ ತಪ್ಪು ಎನ್ನಬೇಡಿ. ‘ಊರನ್ನು ಸೇರಿದನು’, ‘ಊರಿಗೆ ಸೇರಿದನು’ ಎರಡೂ ಸರಿ. ಶಾಲಾ ವ್ಯಾಕರಣ ಪಂಚಮಿಗೆ ‘ದೆಸೆಯಿಂದ’ ಎಂದು ಕಲಿಸುತ್ತದೆ. ‘ಮರದ ದೆಸೆಯಿಂದ ಹಣ್ಣು ಬಿತ್ತು’ ಎಂದು ಇವತ್ತು ಯಾರೂ ಹೇಳುವುದಿಲ್ಲ, ‘ಮರದಿಂದ’ ಎನ್ನುತ್ತೇವೆ. ಪ್ರತ್ಯಯ ಯಾವುದು ಎಂದು ಕೇಳಿದರೆ ‘ದೆಸೆಯಿಂದ’ ಬರೆಯಿರಿ, ಸರಿಯಾದ ವಾಕ್ಯ ಕೇಳಿದರೆ ‘ಮರದಿಂದ’ ಇರುವುದನ್ನು ತಪ್ಪು ಎನ್ನಬೇಡಿ.

ಇನ್ನು ‘ಊಟ ಮಾಡಿ ಬಸ್ಸು ಹೊರಟಿತು’. ಇದು ನನಗೆ ಬಹಳ ಇಷ್ಟದ ಉದಾಹರಣೆ, ಯಾಕೆಂದರೆ ಕೊನೆಯಿಂದ ಓದುವ ಕ್ರಮ ಇಲ್ಲಿ ಚೆನ್ನಾಗಿ ಕಾಣುತ್ತದೆ. ಹೊರಟದ್ದು ಯಾವುದು? ಬಸ್ಸು. ಊಟ ಮಾಡಿದ್ದು ಯಾರು? ವಾಕ್ಯದಲ್ಲಿ ಬಸ್ಸಿನ ಹೊರತು ಬೇರೆ ಕರ್ತೃವೇ ಇಲ್ಲ. ‘ಮಾಡಿ, ಬಂದು, ನೋಡಿ, ಇಳಿದು’ ಇಂಥ ಅಪೂರ್ಣ ಕ್ರಿಯೆಗಳು ಸಾಮಾನ್ಯವಾಗಿ ಕೊನೆಯ ಕ್ರಿಯಾಪದದ ಕರ್ತೃವನ್ನೇ ತಮ್ಮ ಕರ್ತೃವಾಗಿ ಇಟ್ಟುಕೊಳ್ಳುತ್ತವೆ. ‘ನಾವು ಊಟ ಮಾಡಿ ಹೊರಟೆವು’ ಸರಿ, ಎರಡೂ ಕೆಲಸ ನಮ್ಮವೇ. ಕೆಲಸ ಮಾಡಿದವರು ಬೇರೆ ಬೇರೆಯಾದರೆ ‘ನಾವು ಊಟ ಮಾಡಿದ ಮೇಲೆ ಬಸ್ಸು ಹೊರಟಿತು’ ಎಂದು ಬಿಡಿಸಿ ಹೇಳಬೇಕು. ಇದಕ್ಕೊಂದು ವಿನಾಯಿತಿ ಇದೆ. ‘ಮಳೆ ಬಂದು ಬೆಳೆ ಹಾಳಾಯಿತು.’ ಬಂದದ್ದು ಮಳೆ, ಹಾಳಾದದ್ದು ಬೆಳೆ. ಆದರೂ ಇದು ಒಳ್ಳೆಯ ಕನ್ನಡ. ಒಂದು ಇನ್ನೊಂದಕ್ಕೆ ಕಾರಣವಾಗಿದೆ, ಮತ್ತು ಬಂದದ್ದು ಯಾವುದೆಂದು ವಾಕ್ಯದಲ್ಲೇ ಹೇಳಿದೆ. ನಮ್ಮ ತರಗತಿಯಲ್ಲಿ ಒಬ್ಬ ಹುಡುಗಿ ಇಂಥ ಪ್ರಶ್ನೆ ಬಂದಾಗ ಪ್ರತಿ ಕ್ರಿಯೆಯ ತಲೆಯ ಮೇಲೂ ಪೆನ್ಸಿಲ್‌ನಿಂದ ‘ಯಾರು?’ ಎಂದು ಸಣ್ಣದಾಗಿ ಬರೆಯುತ್ತಿದ್ದಳು. ಎರಡು ಕ್ರಿಯೆಗೆ ಎರಡು ‘ಯಾರು?’. ಮೊದಮೊದಲು ಸಮಯ ಹಿಡಿಯುತ್ತಿತ್ತು. ತಿಂಗಳು ಕಳೆಯುವಷ್ಟರಲ್ಲಿ ಬರೆಯುವ ಅಗತ್ಯವೇ ಬೀಳಲಿಲ್ಲ, ಕಣ್ಣೇ ಕೇಳತೊಡಗಿತು.

ಪದಗಳ ಸ್ಥಾನದ ಪ್ರಶ್ನೆಗಳೂ ಬರುತ್ತವೆ. ‘ಇಲ್ಲಿ ಶುದ್ಧ ಹಸುವಿನ ತುಪ್ಪ ಸಿಗುತ್ತದೆ.’ ಶುದ್ಧವಾಗಿರಬೇಕಾದದ್ದು ಹಸುವೋ, ತುಪ್ಪವೋ? ವಿಶೇಷಣವನ್ನು ಅದು ಸೇರಬೇಕಾದ ಪದದ ಪಕ್ಕಕ್ಕೆ ತನ್ನಿ: ‘ಹಸುವಿನ ಶುದ್ಧ ತುಪ್ಪ’. ಒಂದೇ ಅರ್ಥವನ್ನು ಎರಡು ಸಲ ಹೇಳುವ ವಾಕ್ಯಗಳನ್ನು ಹಿಡಿಯುವುದು ಇನ್ನೂ ಸುಲಭ. ‘ಕೇವಲ ಐದು ಮಂದಿ ಮಾತ್ರ’, ‘ಮತ್ತೆ ಪುನಃ’, ‘ವಾಪಸ್ ಹಿಂದಿರುಗಿದರು’, ‘ಮುಂತಾದ ಇತ್ಯಾದಿ’. ಅರ್ಜಿಗಳಲ್ಲಿ ಕಾಣುವ ‘ಸವಿನಯಪೂರ್ವಕವಾಗಿ’ ಕೂಡ ಇದೇ ಜಾತಿ. ‘ಸವಿನಯ’ದಲ್ಲೇ ವಿನಯದ ಜೊತೆ ಎಂಬ ಅರ್ಥ ಇದೆ. ‘ವಿನಯಪೂರ್ವಕವಾಗಿ’ ಸಾಕು.

ಕೆಲವು ಸಲ ನಾಲ್ಕೂ ವಾಕ್ಯಗಳ ರಚನೆ ಸರಿಯಿರುತ್ತದೆ, ವ್ಯತ್ಯಾಸ ಇರುವುದು ಒಂದು ಪದದ ಕಾಗುಣಿತದಲ್ಲಿ. ನೀವು ಬಾಯಿಪಾಠ ಮಾಡಿರುವ ಸಂಧಿ ಕೆಲಸಕ್ಕೆ ಬರುವುದು ಇಲ್ಲೇ. ಜಾತ್ಯತೀತವೋ, ಜಾತ್ಯಾತೀತವೋ? ಬಿಡಿಸಿ ನೋಡಿ. ಜಾತಿ ಮತ್ತು ಅತೀತ. ಯಣ್ ಸಂಧಿಯಲ್ಲಿ ‘ಇ’ ಹೋಗಿ ‘ಯ’ ಬಂತು, ಮುಂದಿನ ‘ಅ’ ಹಾಗೇ ಉಳಿಯಿತು. ಜಾತ್ಯತೀತ. ದೀರ್ಘ ಬರಲು ಕಾರಣವೇ ಇಲ್ಲ. ಕೋಟ್ಯಧಿಪತಿಯೂ ಹಾಗೆಯೇ. ಉಪ ಮತ್ತು ಆಹಾರ ಸೇರಿದರೆ ಸವರ್ಣದೀರ್ಘ ಸಂಧಿಯಿಂದ ‘ಉಪಾಹಾರ’. ಹೋಟೆಲ್ ಫಲಕಗಳಲ್ಲಿರುವ ‘ಉಪಹಾರ’ ಅಂದರೆ ಕಾಣಿಕೆ, ತಿಂಡಿಯಲ್ಲ. ಸಂಧಿಗೆ ಸಿಕ್ಕದವನ್ನು ಬರೆದು ಬರೆದೇ ಕಲಿಯಬೇಕು: ಪ್ರಸಿದ್ಧ, ಹಾರ್ದಿಕ, ಸ್ವಾತಂತ್ರ್ಯ, ಕೂಲಂಕಷ.

ನಿಮ್ಮ ಕಡೆಯ ಮಾತಿನ ಬಗ್ಗೆ ಕೇಳಿದ್ದೀರಿ. ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ, ಯಾಕೆಂದರೆ ಯಾರೋ ಎಲ್ಲೋ ನಿಮಗೆ ನಿಮ್ಮ ಕನ್ನಡ ಕಡಿಮೆ ಎಂದು ಹೇಳಿರಬೇಕು. ಖಂಡಿತ ಬದಲಾಯಿಸಬೇಡಿ. ಪರೀಕ್ಷೆಯ ಕನ್ನಡ ಯಾರ ಮನೆಯ ಕನ್ನಡವೂ ಅಲ್ಲ. ಮೈಸೂರು ಕಡೆಯವರು ‘ಬಂದವ್ರೆ’ ಎನ್ನುತ್ತಾರೆ, ಅವರೂ ಪರೀಕ್ಷೆಗೆ ‘ಬಂದಿದ್ದಾರೆ’ ಕಲಿಯಲೇಬೇಕು. ಅದು ಬರಹಕ್ಕೆಂದು ಎಲ್ಲರೂ ಕಲಿಯುವ ಕನ್ನಡ. ಆದರೆ ನಿಮ್ಮ ಕಡೆಯವರು ಎಚ್ಚರವಾಗಿರಬೇಕಾದ ಒಂದು ಜಾಗ ಇದೆ. ‘ಅವ ಬಂದಾನ’ ಅಂದರೆ ನಿಮ್ಮ ಮನೆಯಲ್ಲಿ ಅವನು ಬಂದಿದ್ದಾನೆ ಎಂದು ಅರ್ಥ. ಬಾಗಿಲಲ್ಲೇ ನಿಂತಿದ್ದಾನೆ. ವ್ಯಾಕರಣ ಪುಸ್ತಕದ ‘ಅವನು ಬಂದಾನು’ ಸಂಭಾವನಾರ್ಥಕ, ಬಂದರೂ ಬರಬಹುದು ಎಂದು ಅರ್ಥ. ಇನ್ನೂ ಬಂದಿಲ್ಲ. ಕೇಳಲು ಬಹುತೇಕ ಒಂದೇ, ಅರ್ಥ ಪೂರ್ತಿ ಬೇರೆ. ಗದಗ, ಹಾವೇರಿ, ಕೊಪ್ಪಳ ಕಡೆಯ ಜಾಣ ಹುಡುಗರೇ ‘ಬಂದಾನು’ವನ್ನು ಭೂತಕಾಲ ಎಂದು ಗುರುತಿಸಿದ್ದನ್ನು ಕಂಡಿದ್ದೇನೆ. ಅವರ ಕಿವಿ ಸುಳ್ಳು ಹೇಳಲಿಲ್ಲ, ಬೇರೆ ಕನ್ನಡದ ಉತ್ತರ ಕೊಟ್ಟಿತು ಅಷ್ಟೇ. ಕಾಲದ ಬಗ್ಗೆ ಇದೇ ರೀತಿಯ ಇನ್ನೊಂದು ಮಾತು. ‘ನಾಳೆ ಹೋಗುತ್ತೇನೆ’ ಎಂದು ನಾವೆಲ್ಲ ಹೇಳುತ್ತೇವೆ, ಅದು ತಪ್ಪಲ್ಲ. ಆದರೆ ಭವಿಷ್ಯತ್ ಕಾಲದ ರೂಪ ಗುರುತಿಸಿ ಎಂದರೆ ‘ಹೋಗುವೆನು’ ಆರಿಸಬೇಕು.

ಎರಡು ಆಯ್ಕೆ ಉಳಿದಾಗ ಬಿಟ್ಟುಬಿಡಬೇಕೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುವ ಪತ್ರಿಕೆ ಎಂದಿಟ್ಟುಕೊಳ್ಳಿ. ಅಂಥ ನಾಲ್ಕು ಪ್ರಶ್ನೆಗಳಲ್ಲಿ ಎರಡು ಸರಿ, ಎರಡು ತಪ್ಪಾದರೂ 2 ಅಂಕ ಬಂದು ಅರ್ಧ ಹೋಗುತ್ತದೆ, ಒಂದೂವರೆ ಉಳಿಯುತ್ತದೆ. ಬಿಟ್ಟರೆ ಸೊನ್ನೆ. ಎರಡನ್ನು ಖಚಿತವಾಗಿ ತೆಗೆದುಹಾಕಿದ್ದರೆ ಉತ್ತರ ಹಾಕುವುದೇ ಲಾಭ. ನಿಮ್ಮ ಅಧಿಸೂಚನೆಯಲ್ಲಿ ಅಂಕ ಕಡಿತದ ನಿಯಮ ಏನಿದೆ ಎಂದು ಮಾತ್ರ ಮೊದಲೇ ನೋಡಿಕೊಂಡಿರಿ.

ಅಭ್ಯಾಸಕ್ಕೆ ಹೊಸ ಗೈಡ್ ಕೊಳ್ಳಬೇಕಿಲ್ಲ. ಎಂಟರಿಂದ ಹತ್ತನೇ ತರಗತಿಯ ಕನ್ನಡ ಪಠ್ಯಪುಸ್ತಕಗಳ ವ್ಯಾಕರಣ ಭಾಗ ಸಾಕು. ಅದರ ಜೊತೆ ದಿನಕ್ಕೊಂದು ಪತ್ರಿಕಾ ವರದಿ ತೆಗೆದುಕೊಳ್ಳಿ. ಪ್ರತಿ ವಾಕ್ಯದ ಕೊನೆಯ ಪದಕ್ಕೆ ಸುತ್ತು ಹಾಕಿ, ಅಲ್ಲಿಂದ ಹಿಂದಕ್ಕೆ ಅದರ ಕರ್ತೃವಿನವರೆಗೆ ಒಂದು ಗೆರೆ ಎಳೆಯಿರಿ. ಹತ್ತು ವಾಕ್ಯ, ಹತ್ತು ಗೆರೆ. ಗೆರೆ ಎಲ್ಲಿಗೂ ಮುಟ್ಟದಿದ್ದರೆ ‘ಲಾಗಿದೆ’ ಇರಬೇಕು ಅಥವಾ ಕರ್ತೃ ಅಡಗಿರಬೇಕು. ‘ನಾಳೆ ಬರುತ್ತೇನೆ’ ಅಂದಾಗ ‘ನಾನು’ ಕ್ರಿಯೆಯೊಳಗೇ ಇದೆಯಲ್ಲ, ಹಾಗೆ. ಎರಡೂ ಅಲ್ಲದಿದ್ದರೆ ಆ ವಾಕ್ಯ ತಪ್ಪಾಗಿರುವ ಸಾಧ್ಯತೆ ಹೆಚ್ಚು.

ಇವತ್ತೇ ಶುರು ಮಾಡಲು ಒಂದು ವಾಕ್ಯ ಕೊಡುತ್ತೇನೆ. ‘ಜಿಲ್ಲೆಯ ಎಲ್ಲ ಶಾಲೆಗಳ ಶಿಕ್ಷಕರುಗಳ ಪಟ್ಟಿಗಳನ್ನು ಇಲಾಖೆಗೆ ಕಳುಹಿಸಲಾಗಿವೆ.’ ಇದರಲ್ಲಿ ಎರಡು ತಪ್ಪುಗಳಿವೆ. ತಿದ್ದಿ ಬರೆದು, ಯಾಕೆ ತಪ್ಪು ಎಂದು ಪ್ರತಿಯೊಂದಕ್ಕೂ ಒಂದೊಂದು ಸಾಲು ಸೇರಿಸಿ ನನಗೆ ಕಳಿಸಿ.